ಏಳನೇ ಬಾಟ್ಲಿ

ಮೇ ತಿಂಗಳು ಮುಗಿಯೂದರಾಗ
ಕಾನ್ಸಾವ್ಲಿಯ ಎಸ್ಪೆರಾಂಸಬಾಯಿ
ಮಳಿಗಾಲದ ಪುರುಮೆಂತ ತುಂಬತಾಳ.
ಒಣ ಸಿಗಡಿ, ಉಪ್ಪುಮಾವಿನಕಾಯಿ, ಹುಳಿಸಿಪ್ಪಿ,
ಕಡೀಕ ಖಂಡ.
ಯಾವುದರ ಖಂಡ ಅಂತ ಕೇಳಬ್ಯಾಡ್ರಿ.
ಹಂಗ ಕೇಳಿದವರಿಗೆ ನಮ್ಮೂರಾಗ
ನಮ್ಮವ್ವ ಎಂದೂ ಉತ್ರ ಕೊಟ್ಟಾಕಿ ಅಲ್ಲ.

ಹಡಗಿನ ಅಡಗಿಮನ್ಯಾಗ ಮೂವತ್ತು ವರ್ಷ ಸವೆಸಿದ ಗಂಡ
ಸಾಯೂಕಿಂತ ಮೊದಲ ತಂದಿಟ್ಟ ಭಾಂಡಿ ಅದು.
ಆರು ತಿರುಪಿನ ಮುಚ್ಚಳ,
ನೆತ್ತಿ ಮ್ಯಾಲೆ ಗಡಿಯಾರದಂಥ ಮುಳ್ಳು.
ಬಾಯಿ, ನನ್ನ ಕುಕ್ಕರಿನ್ಯಾಗ ನಾಕು ಸೀಟಿ ಹೊಡಸಿದ್ರ ಆತಲ್ಲ, ಅಂದಿದ್ದೆ.
ಆಕಿ ನಗಲಿಲ್ಲ.
ಸೀಟಿ ಎಣಿಸಿದ್ರ ಅನ್ನ ಆಗತೈತಿ, ಅಂದಳು,
ವಿಷ ಸಾಯೂದಿಲ್ಲ.

ಕೊಬ್ಬು ಕೆತ್ತಿ ತಗಿ. ಬಿಟ್ರ ಏರಿ ಬಂದು ಅಂಚು ಹಿಡೀತೈತಿ.
ಮ್ಯಾಲೆ ಹೆಬ್ಬೆರಳ ಗೆಣ್ಣಿನಷ್ಟು ಖಾಲಿ ಬಿಡು.
ನನ್ನ ಗೆಣ್ಣು ಆಕೀದಕ್ಕಿಂತ ಗಿಡ್ಡ.
ಮಮ್ಮಗನ ಸಾಲಿಚೀಲದಾಗಿಂದ ಪಟ್ಟಿ ತಂದು ಅಳದು
ಗಾಜಿನ ಮ್ಯಾಲೆ ಗೆರಿ ಎಳದ್ಲು, ಒಂದು ಇಂಚು.
ಮಾಡ್ಡದ ವಿನೆಗರಿನ್ಯಾಗ ಬಟ್ಟಿ ಅದ್ದಿ
ಬಾಟ್ಲಿಬಾಯಿ ಒರಸು ಅಂತ ಬಾಯಿ,
ಒರಸೀನಿ ಅಂತ ನಾನು,
ಇನ್ನೊಮ್ಮೆ ಅಂತ ಬಾಯಿ.
ಹತ್ತು ನಿಮಿಷ ಹಬಿ ಹಾಯಲಿ, ಆಮ್ಯಾಲೆ ತೂಕ ಇಡು.
ಮುಳ್ಳು ಗೆರಿಗೆ ಬಂದಲ್ಲಿಂದ ಒಂದೂವರಿ ತಾಸು,
ಒಂದು ಕೂದಲ ಕೆಳಗ ಇಳದ್ರ
ಮತ್ತ ಮೊದಲಿಂದ.

ಮೊದಲಿಂದ ಅಂದ್ರ ಮೊದಲಿಂದ. ಹೋದ ವರ್ಷ ಹಂಗ ಆತು,
ಆರೂವರಿ ಬಸ್ಸು ತಪ್ಪಿತು, ಆಕೀಗಿ ಪೂಜಿ ತಪ್ಪಿತು.

ಆರಿಸಾಕ ನೀರು ಸುರುವಬಾರದು.
ಮುಳ್ಳು ತಾನಾಗಿ ಸೊನ್ನಿಗೆ ಮಲಗಬೇಕು.
ಬಿಸಿ ಬಾಟ್ಲಿ ತಣ್ಣನ ಕಲ್ಲಿಗೆ ಇಡಬಾರದು,
ಹಳೇ ಟವೆಲ್ಲಿನ ಮ್ಯಾಲೆ, ಒಂದಕ್ಕೊಂದು ತಾಗದಂಗ.

ಚಂದ ಕಾಣೂದಿಲ್ಲ, ಸುಳ್ಳ್ಯಾಕ ಹೇಳಲಿ.
ಅಮೀನಗಡದ ಸಾಲಿ ಕಪಾಟಿನ್ಯಾಗ ಒಂದು ಕಪ್ಪಿ ಇತ್ತು,
ಬಿಳಿ ಹೊಟ್ಟಿ ಮ್ಯಾಲ ಮಾಡಿ, ನೀರಾಗ.
ಹಂಗ.
ಕೆಂಪು ಹೋಗಿ ಬೂದಿ.
ರಸ ಅರ್ಧಕ್ಕ ಇಳದು, ಮ್ಯಾಲಿನ ತುಂಡು ಮೂಗು ಹೊರಗ ಚಾಚಿ.
ಆರಿದಂಗ ಆರಿದಂಗ
ಉಳದ ಕೊಬ್ಬು ತೇಲಿ ಬಂದು ಹೆಪ್ಪುಗಟ್ಟಿ
ಸುಣ್ಣ ಬಳದ ಮಾಳಿಗಿ ಹಂಗ ಕುಂತತಿ.

ಆದ್ರ ನಮ್ಮವ್ವ ಖಂಡ ಒಣಹಾಕ್ತಿದ್ಲು
ಒಳಮನಿ ಹಗ್ಗಕ್ಕ,
ಮುಂದ ಕೌದಿ ಜೋತ ಬಿಟ್ಟು.
ಗೌಡರ ಆಳು ಓಣ್ಯಾಗ ಕೆಮ್ಮಿದ್ರ
ಕೌದಿ ಇನ್ನಷ್ಟು ಎಳೀತಿದ್ಲು.
ಇಲ್ಲಿ ಖಂಡ ಗಾಜಿನ್ಯಾಗ ಕುಂತತಿ.
ಅಂಚೆಯವ ಬಂದ, ನೋಡಿದ,
ಕಾಗದ ಕೊಟ್ಟು ಹೋದ.

ಟಿಂಕ್.
ಒಂದು ಮುಚ್ಚಳದ ನಡು ಒಳಗ ಬಿತ್ತು.
ಬಾಯಿ ಕೈ ಎತ್ತಿ ಮಾತು ನಿಲ್ಲಿಸಿದ್ಲು.
ಟಿಂಕ್. ಸ್ವಲ್ಪ ಹೊತ್ತು ಬಿಟ್ಟು ಎರಡು ಕೂಡೇ.
ಐದು. ಚಾ ಕುಡದ್ವಿ. ಆರು.
ಏಳನೇದು ಏನೂ ಅನ್ನಲಿಲ್ಲ.

ಪೂರಾ ಆರಿದ ಮ್ಯಾಲೆ ಬೆರಳಿಟ್ಟು ಒತ್ತಿದ್ಲು. ಟಕ್, ಪಕ್.
ತಗದು ನೋಡಿದ್ರ ಅಂಚಿನ ಮ್ಯಾಲೆ ಕೊಬ್ಬಿನ ಒಂದು ಎಳಿ,
ದಾರಕ್ಕಿಂತ ಸಣ್ಣದು.
ಒರಸೀನಿ ಅಂದಿದ್ದೆ.

ಬೈತಾಳ ಅಂತ ತಲಿ ತಗ್ಗಿಸಿದೆ.
ಕಳದ ಶ್ರಾವಣದಾಗ ಮುಚ್ಚಳ ಉಬ್ಬಿದ ಒಂದು ಬಾಟ್ಲಿ
ತಗೀದ, ಮೂಸದ, ಬೆಕ್ಕಿಗೂ ಹಾಕದ
ತೆಂಗಿನ ಬುಡಕ್ಕಿಂತ ದೂರ ಗುಂಡಿ ತೋಡಿಸಿದಾಕಿ.
ಅವತ್ತು ನನಗ ಸಿಟ್ಟು ಬಂದಿತ್ತು, ಅಷ್ಟು ಖಂಡ.

ಇದು ಇವತ್ತಿನದು, ಅಂದಳು.
ಉಬ್ಬಿಲ್ಲ, ಬರೇ ಹಿಡದಿಲ್ಲ.
ಇವತ್ತ ಕುದಿಸು, ಇವತ್ತ ಉಣ್ಣು. ನಾಳೆಗೆ ಅಂತ ಮುಚ್ಚಿಡಬ್ಯಾಡ.
ಬಾಟ್ಲಿ ಮಾತ್ರ ತೊಳದು ತಾ.

ಝುವಾರಿನಗರದ ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟಗೊಂಡು ಕುಂತಿದ್ದೆ.
ಬಾಜೂಕಿನಾಕಿ ಏನದು ಅಂದ್ಲು.
ಬಾಯಿಗೆ ಬಂದದ್ದು ಉಪ್ಪಿನಕಾಯಿ.
ಗಾಜು ಆಕಿ ಮುಂದ ಇತ್ತು, ಎಲ್ಲಾ ಕಾಣತಿತ್ತು.
ಖಂಡ, ಅಂದೆ.
ಓ, ಅಂದು ಆಕಿ ಕಿಡಕಿ ಕಡೆ ಹೊಳ್ಳಿದ್ಲು,
ಹೊರಗ ರೈಲು ಗೇಟು ಬಿದ್ದಿತ್ತು.

ರಾತ್ರಿ ಗಾಳೆವ್ವ ನಾಕು ಸಲ ಚಮಚೆ ಅದ್ದಾಕ ಬಂದ್ಲು.
ತಡಿ ಅಂದೆ, ಇನ್ನೂ ಎಂಟು ನಿಮಿಷ.