ಸೋರೂದು ಎಲ್ಲಿ

ಬ್ಯಾಡಗಿ ದಲಾಲ ಈ ಮೆಟಾಡೋರ್ ಮಾರುವಾಗ
ಒಂದು ಮಾತು ಹೇಳಲಿಲ್ಲ:
ಐದು ವರ್ಷ ಇದರಾಗ ಮೆಣಸಿನಕಾಯಿ ಹೇರ್ಯಾನ.
ಸ್ಯಾಂಡ್‌ಪೇಪರ್ ಹಿಡಿದು ಬಾಗಿಲ ಸಂದಿ ತಿಕ್ಕಿದರ
ಕೆಂಪು ಧೂಳು ಎದ್ದು
ನಾನು, ದಾವಲಸಾಬ, ಓಣಿಯ ನಾಯಿ
ಮೂವರೂ ಸೀನತೀವಿ.

ಅದಕ್ಕೂ ಮೊದಲು ಇದು ನಮ್ಮ ಆರೋಗ್ಯ ಇಲಾಖೆಯದು.
ನೀಲಿ ಕೆರೆದರ ಅಡಿಗೆ ಬಿಳಿ,
ಬಿಳಿಯೊಳಗ ಕೆಂಪು ತ್ರಿಕೋನದ್ದೊಂದು ಮೂಲಿ.
ಹತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದವ ದಾವಲಸಾಬ,
ಅವನ ಎಡಕ್ಕ ನಾನು, ತೊಡಿ ಮ್ಯಾಲೆ ಲಸಿಕೆ ಡಬ್ಬಿ.
ಗುತ್ತಲ, ಅಗಡಿ, ಮೋಟೆಬೆನ್ನೂರ, ದೇವಿಹೊಸೂರ.
ಐದಕ್ಕ ಡಬ್ಬಿಯ ಬರ್ಫ ಕರಗತಿತ್ತು.
ಐದಕ್ಕ ತಿರುಗಿ ಹಾವೇರಿ.

"ಅಕ್ಕಾರ, ಈ ಗುಜರಿ ತಗೊಂಡು ಏನ ಮಾಡ್ತೀರಿ?"
"ಮನಿ ಮಾಡತೀನಿ."
"ಮನಿ ಐತಲ್ಲರಿ, ನಾಗೇಂದ್ರನಮಟ್ಟಿಯೊಳಗ?"
"ಅದಕ್ಕ ನಡ್ಯಾಕ ಬರಂಗಿಲ್ಲ."

ನೆಲದ ತಗಡು ತುಕ್ಕು ತಿಂದು ಹಪ್ಪಳ.
ವೆಲ್ಡಿಂಗ್ ಹುಡುಗ ಮೌನೇಶ ಕಿಡಿ ಹಾರಿಸಿಕೋತ
"ನಾನು ಇದೇ ಗಾಡ್ಯಾಗ ಹುಟ್ಟೀನಂತರಿ" ಅಂದ.
ನೆನಪು ಮಾಡಿ ನೋಡಿದೆ. ಅಲ್ಲಪಾ,
ಗಾಡ್ಯಾಗ ಹುಟ್ಟಿದಾಕಿ ನಿಮ್ಮಕ್ಕ, ಅಗಡಿ ದಾಟಿ ಹಳ್ಳದ ಹತ್ತಿರ.
ನೀನು ಮನ್ಯಾಗ, ಎರಡು ದಿನ ಎಲ್ಲಾರನ್ನೂ ಕಾಡಿಸಿ.
ಹುಡುಗ ಸಣ್ಣ ಮಾರಿ ಮಾಡಿದ.
ಅವತ್ತಿನ ಬೆಸುಗೆ ಒಂದೀಟು ಸೊಟ್ಟ ಬಿತ್ತು.
ಹಂಗೇ ಬಿಟ್ಟೆ.

ಲಸಿಕೆ ಡಬ್ಬಿಯ ಕಬ್ಬಿಣದ ಸ್ಟ್ಯಾಂಡಿನ್ಯಾಗ
ಈಗ ಎಣ್ಣಿ, ಉಪ್ಪು, ಶೇಂಗಾ ಚಟ್ನಿ.
ಸ್ಟ್ರೆಚರ್ ಕೊಂಡಿಗೆ ಹಲಗಿ ಕೂಡಿಸಿ ಹಾಸಿಗಿ;
ಅಳತಿ ತಪ್ಪಿ ನಾಲ್ಕು ಬೆರಳು ಗಿಡ್ಡ ಆತು.
ಕಾಲು ಮಡಚಿ ಮಲಗೂದು ನನಗ ರೂಢಿ ಐತಿ,
ಡ್ಯೂಟಿ ರೂಮಿನ ಬೆಂಚು ಏನು ಉದ್ದ ಇತ್ತಾ?

ಉಳಿದದ್ದು ಸೋರೂದು.
ಮೊದಲ ಮಳಿಗೆ ನಡುವ ಸೋರಿತು, ಡಾಂಬರ ಬಳಿದ್ವಿ.
ಎರಡನೇ ಮಳಿಗೆ ಮೂಲ್ಯಾಗ.
ನೀರು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಇಳೀತೈತಿ,
ನೋವು ಸೊಂಟದಾಗ, ಬ್ಯಾನಿ ಬ್ಯಾರೆಲ್ಲೋ ಇದ್ದಂಗ.
ಕಡೀಕೆ ಒಂದು ಬಿಸಿಲ ದಿನ
ದಾವಲಸಾಬ ಕೊಡ ಹಿಡಿದು ಗಾಡಿ ನೆತ್ತಿ ಏರಿದ.
ನಾನು ಒಳಗ, ಕೈಯಾಗ ಸೀಮೆಸುಣ್ಣ.
"ಬಂತೇನ್ರಿ?"
"ಇಲ್ಲ."
"ಈಗ?"
"ಸೈರಿಸು. ಹಾಂ, ಬಂತು!"

ಹನಿ ಕಂಡಲ್ಲಿ ಕೈ ತಾನೇ ಬರೀತು:
ತಾರೀಖು, ಮನಿ ನಂಬರು,
ಮುಂದಿನ ಮನಿ ಕಡೆ ಒಂದು ಬಾಣ.
ಪೋಲಿಯೋ ಭಾನುವಾರ ಎಷ್ಟು ಗೋಡೆಗೆ ಹಿಂಗ ಬರದಿದ್ದೆ!
ಕೂಸು ಮನ್ಯಾಗ ಇಲ್ಲಾಂದ್ರ ಕತ್ತರಿ ಗುರುತು:
ಮತ್ತ ನಾಳೆ ಬರಬೇಕು.

ಒಟ್ಟು ಹದಿನೇಳು. ಹದಿನಾರಕ್ಕ ಎಂ-ಸೀಲ್ ಮೆತ್ತಿದ್ವಿ.
ಹದಿನೇಳನೇದಕ್ಕ, ಎಷ್ಟು ತಡವಿದರೂ, ಮ್ಯಾಲೆ ತೂತಿಲ್ಲ.
ತೂತಿಲ್ಲ, ಹನಿ ಐತಿ.
ಕತ್ತರಿ ಗುರುತು ಹಾಕಿ ಕೆಳಗ ಬೋಗುಣಿ ಇಟ್ಟೆ.

ಇವತ್ತ ಮುಂಜಾನೆ ಎಂಜಿನ್ ಹಿಡೀತು,
ಎರಡು ಸಲ ಕೆಮ್ಮಿ, ಮೂರನೇದಕ್ಕ.
"ಎಲ್ಲಿಗರಿ ಅಕ್ಕಾರ, ಗೋವಾಕ್ಕ?"
"ಗುತ್ತಲಕ್ಕ."
"ಗುತ್ತಲಕ್ಕ ಸಾವಿರ ಸಲ ಹೋಗೀವಲ್ಲರಿ!"
ಹೋಗೀವಿ. ಉಳದಿಲ್ಲ.
ಐದರ ನಂತರ ಅಲ್ಲಿ ಕಟ್ಟಿಗೆ ಯಾರು ಬಂದು ಕೂಡತಾರ,
ಯಾವ ಮನಿ ದೀಪ ತಡಾ ಮಾಡಿ ಆರತೈತಿ,
ನಾನು ಎರಡೆರಡು ಹನಿ ಹಾಕಿದ ಬಾಯಿಗೋಳು
ಬೆಳೆದು ದೊಡ್ಡವಾಗಿ ರಾತ್ರಿ ಏನೇನು ಜಗಳಾಡತಾವ,
ಕೇಳಿಲ್ಲ.

ಬಾಗಿಲು ಎಳೆದೆ. ಇದನ್ನ ಎರಡು ಸಲ ಎಳೀಬೇಕು.
ಎರಡನೇ ಏಟಿಗೆ ಸಂದ್ಯಾಗಿಂದ
ಇನ್ನೊಂದಿಷ್ಟು ಬ್ಯಾಡಗಿ ಉದುರಿತು.
ನಾನು ಸೀನಿದೆ. ಅವ ಕೀಲಿ ಮ್ಯಾಲಿನ ಕೈ ತಡೆದ,
ತಡೆದು ತಾನೂ ಸೀನಿದ.
ಒಂಟಿ ಸೀನಿಗೆ ನಿಲ್ಲಬೇಕು.
ಇದು ಜೋಡಿ.
ಹೊಡಿ, ಅಂದೆ.