ಊಟಕ್ಕೇನು ಕೊಟ್ಟೆ

ವಿಹಿಗಾದ ಇಳಿಜಾರಿನಲ್ಲಿ ಮಣ್ಣು ಕೆಂಪು,
ತುಕ್ಕು ಹಿಡಿದ ತಗಡನ್ನು ಯಾರೋ
ಸಾವಿರ ವರ್ಷ ಕೂತು ಅರೆದ ಹಾಗೆ.
ಎಂಬೋನೆಯ ಮುಕ್ಕಾಲೆಕರೆಯಲ್ಲಿ ಮೆಕ್ಕೆಜೋಳ
ಮೊಣಕಾಲುದ್ದಕ್ಕೆ ನಿಂತುಬಿಟ್ಟಿತ್ತು,
ಎಲೆಯಂಚಿಗೆಲ್ಲ ನೇರಳೆ.
ಮೊಮ್ಮಗಳು ಇಮಾಲಿ ಅಂಥ ಎಲೆಯನ್ನೇ ಹುಡುಕಿ
ಸೀಳಿ, ಸುತ್ತಿ, ಬಳೆ ಮಾಡಿಕೊಳ್ಳುತ್ತಿದ್ದಳು.
ಚೆಂದ ಇದೆ ಅಲ್ವಾ, ಎಂದಳು ನನಗೆ.
ಇತ್ತು.
ಹಸಿವು ಬೇರೆಲ್ಲೂ ಇಷ್ಟು ಚೆಂದದ ಬಣ್ಣ
ಹಚ್ಚಿಕೊಂಡದ್ದನ್ನು ನಾನು ಕಂಡಿಲ್ಲ.

ನಾನು ಕಕಮೆಗಾದ ಪ್ರಯೋಗಶಾಲೆಯವಳು.
ಮಣ್ಣು ಜರಡಿ ಹಿಡಿಯುವುದು, ತೂಗುವುದು, ಕುಲುಕುವುದು,
ಕೊನೆಗೆ ಕೊಳವೆಯಲ್ಲಿ ನೀಲಿ ಏರಲೆಂದು ಕಾಯುವುದು.
ರಂಜಕ ಇದ್ದಷ್ಟು ನೀಲಿ.
ಆಸಿಡ್ಡಿನಲ್ಲಿ ಕುದಿಸಿ ಪೂರಾ ಬಾಯಿ ಬಿಡಿಸಿದರೆ
ಅವಳ ಮಣ್ಣು ಶಾಯಿಯಂಥ ಕಡುನೀಲಿ;
ಬೇರು ಕೇಳುವಷ್ಟೇ ಮೆತ್ತಗೆ ಕೇಳಿದರೆ
ಲೋಟ ತೊಳೆದ ನೀರು.
ಕಬ್ಬಿಣ ಅದನ್ನು ಅವುಚಿಕೊಂಡು ಕೂತಿದೆ.
ಗೊಬ್ಬರದ ಚೀಲ ಸುರಿದರೆ
ಮುಕ್ಕಾಲು ತಾನೇ ನುಂಗಿ ಬಾಯಿ ಒರೆಸಿಕೊಳ್ಳುತ್ತದೆ.
ಕೈಗೆ ಬಂದ ತುತ್ತು ಬಾಯಿಗೆ ಬಾರದ್ದನ್ನು
ಮೊದಲು ಕಂಡದ್ದು ಬೇರೇ ಇರಬೇಕು.

ಅವಳ ಬೇಲಿ ಬುಡದ ಚಿಟಿಕೆ ಮಣ್ಣಿನಲ್ಲಿ
ನನಗೊಂದು ಬ್ಯಾಕ್ಟೀರಿಯಾ ಸಿಕ್ಕಿತ್ತು.
ಹಾಲಿನಂತೆ ಮಬ್ಬಾದ ತಟ್ಟೆಯ ಮೇಲೆ ಸಾಸಿವೆಯಷ್ಟು ಕೂತು,
ಹುಳಿ ಜಿನುಗಿಸಿ ಜಿನುಗಿಸಿ, ಸುತ್ತಲ ಸುಣ್ಣ ಕರಗಿಸಿ
ನಾಲ್ಕನೇ ಬೆಳಿಗ್ಗೆ ಒಂದು ಉಂಗುರ ತೆರೆದಿತ್ತು,
ಗಾಜಿನಷ್ಟು ತಿಳಿ. ಅದರೊಳಗಿಂದ
ನನ್ನ ಹೆಬ್ಬೆರಳಿನ ಗೆರೆ ಕಂಡಿತು.
ಹದಿನೇಳನೇ ನಂಬರು ಎಂದು ಬರೆದೆ.
ಮನಸ್ಸಿನಲ್ಲಿ ಇಟ್ಟ ಹೆಸರು ಬೇರೆ, ಹೇಳುವುದಿಲ್ಲ.
ಲುಂಬಾಸಿ ಸರ್ ಸ್ಕೇಲಿಟ್ಟು ಅಳೆದರು: ಐದು ಮಿಲಿಮೀಟರ್.
ಅವತ್ತು ಚಹಾ ಅವರದೇ.

ಇದ್ದಿಲ ಪುಡಿಯಲ್ಲಿ ಕಲಸಿ, ಬೀಜಕ್ಕೆ ಸವರಿ
ಮಾರ್ಚಿಯ ಮಳೆಗೆ ಬಿತ್ತಿದೆವು.
ಆರನೇ ವಾರ ಹೋದರೆ ಮತ್ತದೇ ನೇರಳೆ.
ಕೋಟಿ ಕೋಟಿ ಕಳಿಸಿದ್ದೆ,
ಒಂದೂ ಕಾಗದ ಹಾಕಿರಲಿಲ್ಲ.
ಬೇಲಿಯ ಪಕ್ಕದ ಒಂದು ಸಾಲು ಮಾತ್ರ ಎದೆಯೆತ್ತರ, ಕಡುಹಸಿರು.
ಅಲ್ಲಿ ಎಂಬೋನೆ ಮಲೂಲು ಕೊಚ್ಚಿ ಹೂತಿದ್ದಳು,
ಹಳದಿ ಹೂವಿನ, ಬೇಲಿಯಲ್ಲಿ ತಾನೇ ಬೆಳೆವ ಕಹಿ ಸೊಪ್ಪು,
ಮೇಕೆಯೂ ಎರಡು ಸಲ ಯೋಚಿಸುವಂಥದ್ದು.
"ಅಷ್ಟೊಂದು ಕೂಲಿಯಾಳು ಕಳಿಸಿದೆಯಲ್ಲ ಮಗಳೇ,
ಊಟಕ್ಕೇನು ಕೊಟ್ಟೆ?"
ಇದ್ದಿಲು ಎನ್ನಲು ನಾಲಗೆ ಏಳಲಿಲ್ಲ.
ಅಡುಗೆಮನೆಯ ಹಿಂದೆ ಕರೆದೊಯ್ದು ತೋರಿಸಿದಳು:
ಅವಳ ಅತ್ತೆಯ ಕಾಲದಿಂದ ಸರೋವರದ ಮೀನಿನ ಮುಳ್ಳು,
ಒಲೆಯ ಬೂದಿ ಎಸೆದೆಸೆದು ಕಪ್ಪಾದ ನೆಲ.
ಕುಂಬಳದ ಬಳ್ಳಿ ಸೂರು ಹತ್ತಿತ್ತು.

ಮಟಾಟು ಹಿಡಿದು ಮರಳುವಾಗ ನೆನಪಾಯಿತು,
ಓದಿದ್ದೇ, ಉಂಗುರದ ಸಡಗರದಲ್ಲಿ ಮರೆತದ್ದು:
ಅವು ನಮಗಾಗಿ ಕರಗಿಸುವುದಿಲ್ಲ.
ತಮ್ಮ ಹೊಟ್ಟೆಗೆ ಕರಗಿಸಿ ತಮ್ಮ ಮೈಯಲ್ಲೇ ಇಟ್ಟುಕೊಳ್ಳುತ್ತವೆ.
ಸೊಪ್ಪು ಕೊಳೆತರೆ ಮೊದಲ ಪಂಕ್ತಿ ಅವುಗಳದೇ,
ಬೇರು ಹೊರಗೆ ಕಾಯಬೇಕು.
ಉಂಡು, ಒಂದು ಎರಡಾಗಿ, ಎರಡು ಸಾವಿರವಾಗಿ
ಒಂದು ದಿನ ಸಾಯುತ್ತವೆ;
ಇಲ್ಲವೇ ತುಸು ದೊಡ್ಡದೊಂದು ಹುಳು ಬಂದು ನುಂಗಿ
ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ.
ಆ ಹನಿಯನ್ನು, ಕಬ್ಬಿಣಕ್ಕೆ ಸುದ್ದಿ ಮುಟ್ಟುವ ಮೊದಲೇ,
ಒಂದು ಬೇರುಗೂದಲು, ಅಥವಾ ಅದರ ನಂಟಿಗೆ ಬಿದ್ದ
ಶಿಲೀಂಧ್ರದ ಎಳೆ, ಕದ್ದು ಓಡಬೇಕು.
ನಮ್ಮ ರಿಜಿಸ್ಟರಿನಲ್ಲಿ ಇದಕ್ಕೆ
'ಲಭ್ಯ' ಎಂಬ ಒಂದು ಕಾಲಂ ಇದೆ.

ಮುಂದಿನ ಹಂಗಾಮಿಗೆ ಎಂಬೋನೆ ಆರು ಸಾಲಿಗೆ ಸೊಪ್ಪು ಹಾಕಿದಳು.
ಬೇಲಿಯಲ್ಲಿ ಇದ್ದದ್ದೇ ಅಷ್ಟು. ಹೊತ್ತೂ ಹೊತ್ತೂ
ಭುಜ ಕಂದಿತ್ತು.
ಕೊಳವೆಯ ನೀಲಿ ಕೂದಲೆಳೆಯಷ್ಟು ಏರಿತು;
ಯಂತ್ರದ ತಪ್ಪೂ ಇರಬಹುದು, ಎಂದರು ಲುಂಬಾಸಿ ಸರ್.
ಇರಬಹುದು.
ಇಮಾಲಿ ಮಾತ್ರ ಆ ಆರು ಸಾಲುಗಳ ನಡುವೆ
ಎರಡು ಸಲ ಅಡ್ಡಾಡಿ, ಬರಿಗೈಯಲ್ಲಿ ಬಂದು
ನನ್ನ ಮೇಲೆ ಮುನಿಸಿಕೊಂಡಳು:
ಬಳೆಗೆ ಒಂದಾದರೂ ಎಲೆ ಬಿಡಬಾರದಿತ್ತೇ?