ಮಾಜಾಳಿಗೆ ಎಷ್ಟು ನಕ್ಷತ್ರ

ಬೈತಖೋಲದ ಚಹಾದಂಗಡಿಯಲ್ಲಿ ಈ ವಾರವೆಲ್ಲ ಅದೇ ಮಾತು:
ಅದಿರಿನ ಹಡಗಿನಿಂದ ನೀರಿಗೆ ಹಾರಿದವನು
ನಾವಿಕನಲ್ಲವಂತೆ, ಯಾವುದೋ ದೇಶದ ಸಿಪಾಯಿಯಂತೆ,
ಬಂದೂಕು ಕೆಳಗಿಟ್ಟು ಓಡಿಬಂದವನಂತೆ.
ಅಂಥವರನ್ನು ದಾಟಿಸಲೆಂದೇ ಒಂದು ಕೂಟವಿದೆಯಂತೆ
ಗೋವೆಯಿಂದ ಕೊಚ್ಚಿಯವರೆಗೆ. ಅವರಿಗೊಂದು ಗುರುತು:
ಅಂಗಿಯ ಎರಡನೇ ಗುಂಡಿ ಬಿಚ್ಚಿರುತ್ತದಂತೆ.
ಎಲ್ಲರೂ ಒಮ್ಮೆ ತಂತಮ್ಮ ಎದೆ ನೋಡಿಕೊಂಡರು.

ವಿಠೋಬಾ ದುರ್ಗೇಕರ ಹಾಲು ಉಕ್ಕಲು ಬಿಟ್ಟು ಕೇಳಿದ:
ಅದೆಲ್ಲ ಇರಲಿ, ಈ ಫೋನಿನ ಕಂಪನಿ ಯಾರ ಕಡೆ?
ಅವನ ಸರಕಾರದ ಕಡೆಯೋ, ನಮ್ಮದರ ಕಡೆಯೋ,
ಯಾರ ಮನೆಯ ಉಪ್ಪು ತಿಂದಿದೆ ಅದು?
ಎಲ್ಲ ನನ್ನತ್ತ ತಿರುಗಿದರು.
ಹದಿನಾಲ್ಕು ವರ್ಷ ಫೋನು ಬಿಚ್ಚಿದವನಿಗೆ ಗೊತ್ತಿರಬೇಕಲ್ಲ.

ಗೊತ್ತಿರುವುದಿಷ್ಟು:
ಕಾರವಾರದ ಯಾವ ಫೋನು ಬಿಚ್ಚಿದರೂ ಒಳಗೆ ಉಪ್ಪೇ.
ತಾಮ್ರದ ಮೇಲೆ ಹಸಿರಾಗಿ ಕೂತಿರುತ್ತದೆ,
ಸಿಮ್ಮಿನ ಹಲ್ಲುಗಳಲ್ಲಿ, ಮೈಕಿನ ಸಣ್ಣ ಕಿವಿಯಲ್ಲಿ.
ತಿಂದದ್ದು ನಮ್ಮ ಉಪ್ಪು. ಋಣ
ಎಲ್ಲಿ ಸಂದಾಯವೋ, ನನ್ನ ಸೂಜಿಗೆ ಸಿಕ್ಕಿಲ್ಲ.

ಹೇಳದೆ ಉಳಿದದ್ದು:
ಅವನ ಫೋನನ್ನೂ ಬಿಚ್ಚಿದ್ದೆ.
ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದ.
ರಿಪೇರಿ ಬೇಡ, ಕೊಂದುಬಿಡು ಅಂತ ಕೈಸನ್ನೆ.
ಬ್ಯಾಟರಿ ಕೀಳುವ ಮೊದಲು ಪರದೆಯ ಮೇಲೆ
ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ.
ಅವನನ್ನು ಅಡಗಿಸಿದ್ದು ಪಿಯೆದಾದ್ ಬಾಯಿ,
ಒಣಮೀನಿನ ಚಾಪೆಗಳ ಹಿಂದೆ. ಗಂಜಿ ಕೊಟ್ಟದ್ದು ಸೋಮಿ ಹರಿಕಂತ್ರ,
ಎಷ್ಟು ತಿಂತದೆ ಮಾರಾಯಾ ಈ ಪೋರ, ಅನ್ನುತ್ತ.
ಕೂಟವೆಂದರೆ ಇಷ್ಟೇ.
ಮೀನು ಒಣಗಿಸುವ ಜಾಗಕ್ಕೆ ಜಗಳವಾಗಿ
ಇಬ್ಬರಿಗೂ ಆರು ವರ್ಷದಿಂದ ಮಾತಿಲ್ಲ.

ಗುರುವಾರ ರಾತ್ರಿ ಕಾಳಿ ದಾಟುವಾಗ
ಹಳೆಯ ಸೇತುವೆ ಇದ್ದ ಕಡೆ ಬರೀ ಕತ್ತಲು.
ಸ್ಕೂಟರಿನ ಹಿಂದೆ ಅವನು, ನನ್ನ ರೇನ್‌ಕೋಟಿನಲ್ಲಿ.
ಮಾಜಾಳಿಯಲ್ಲಿ ಇಳಿದ. ಯಾರು ಬಂದರೋ ನೋಡಲಿಲ್ಲ;
ನೋಡಬೇಡ ಅಂತ ಯಾರೂ ಹೇಳಿರಲಿಲ್ಲ.

ಅವನ ಫೋನು ಸತ್ತಿತ್ತು. ನನ್ನದು ಜೇಬಿನಲ್ಲಿತ್ತು.

ಇವತ್ತು ಅದೇ ಚಹಾ, ಅದೇ ಬೆಂಚು. ತೊಡೆಗೆ ತಾಗಿ ನಡುಗಿತು,
ಬಹಳ ವಿನಯದಿಂದ, ಶುದ್ಧ ಕನ್ನಡದಲ್ಲಿ:
ಗುರುವಾರ ನೀವು ಮಾಜಾಳಿಗೆ ಭೇಟಿ ನೀಡಿದ್ದೀರಿ.
ಹೇಗಿತ್ತು? ಎಷ್ಟು ನಕ್ಷತ್ರ ಕೊಡುತ್ತೀರಿ?

ಐದೂ ಖಾಲಿ, ಬೆಳ್ಳಗೆ.
ವಿಠೋಬಾ ಇಣುಕಿದ: ಯಾರದು?
ಕಂಪನಿಯದು, ಅಂದೆ.
ಕೈ ತಾನಾಗಿ ಎದೆಯ ಮೇಲೆ
ಗುಂಡಿ ಹುಡುಕುತ್ತಿತ್ತು.